90 ಎಂಎಲ್ ಮತ್ತು 15ರ ಹುಡುಗ

ಊರಹಬ್ಬದ ಬಾಡೂಟದಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ: "ಗಂಡು ಹುಡುಗ ಅಲ್ವಾ, ಒಂದು ಗುಟುಕು ಕುಡಿದ್ರೆ ಏನಾಗತ್ತೆ?" ಹೇಳುವವರು ಕೆಟ್ಟವರಲ್ಲ. ಮಾವನೋ ಚಿಕ್ಕಪ್ಪನೋ, ಪ್ರೀತಿಯಿಂದಲೇ ಲೋಟ ಮುಂದೆ ಹಿಡಿಯುತ್ತಾರೆ. ಏನಾಗುತ್ತದೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡೋಣ.

ವೈನ್ ಶಾಪ್‌ನಲ್ಲಿ ಸಿಗುವ 90 ಎಂಎಲ್ ವಿಸ್ಕಿ ಪ್ಯಾಕೆಟ್ ತೆಗೆದುಕೊಳ್ಳಿ. ಅದರಲ್ಲಿ ಆಲ್ಕೋಹಾಲ್ ಶೇ. 42.8, ಅಂದರೆ ಸುಮಾರು 30 ಗ್ರಾಂ. ಅದು ಮೈಯಲ್ಲಿರುವ ನೀರಿನಲ್ಲಿ ಹರಡಿಕೊಳ್ಳುತ್ತದೆ. 45 ಕಿಲೋ ತೂಗುವ 15 ವರ್ಷದ ಹುಡುಗನ ಮೈಯಲ್ಲಿ 70 ಕಿಲೋ ಗಂಡಸಿನಷ್ಟು ನೀರು ಎಲ್ಲಿಂದ ಬರಬೇಕು? ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಅವನು ಆ ಪ್ಯಾಕೆಟ್ ಬೇಗ ಮುಗಿಸಿದರೆ, 100 ಎಂಎಲ್ ರಕ್ತದಲ್ಲಿ ಹತ್ತಿರ ಹತ್ತಿರ 100 ಮಿಲಿಗ್ರಾಂ ಆಲ್ಕೋಹಾಲ್ ಸೇರುತ್ತದೆ. ಗಾಡಿ ಓಡಿಸುವ ದೊಡ್ಡವರಿಗೇ ಕಾನೂನು ಇಟ್ಟಿರುವ ಮಿತಿ 30. ಲಿವರ್ ಇದನ್ನು ಗಂಟೆಗೆ ಸುಮಾರು 15ರಂತೆ ಇಳಿಸುತ್ತಾ ಹೋಗುತ್ತದೆ, ಪೂರ್ತಿ ಇಳಿಯಲು 6-7 ಗಂಟೆ ಬೇಕು. ಕ್ವಾರ್ಟರ್ ಕುಡಿದರೆ ಎಲ್ಲವೂ ದುಪ್ಪಟ್ಟು. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಲಿವರ್ ಕೆಲಸವನ್ನು ಚುರುಕು ಮಾಡುವುದಿಲ್ಲ.

ಇನ್ನೂ ಹೆದರಿಸುವ ವಿಷಯ ಬೇರೆ ಇದೆ. ದೊಡ್ಡವರಿಗೆ ಕುಡಿಯುತ್ತಾ ಹೋದಂತೆ ನಿದ್ದೆ ಎಳೆಯುತ್ತದೆ, ನಾಲಿಗೆ ತೊದಲುತ್ತದೆ, ಕಾಲು ತಡವರಿಸುತ್ತದೆ. ಅದು ಮೈ ಹೇಳುವ "ಸಾಕು". ಮಕ್ಕಳ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ, ಅದಕ್ಕೇ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದ್ದಾರೆ. ತೂಕಕ್ಕೆ ತಕ್ಕಂತೆ ಅಷ್ಟೇ ಆಲ್ಕೋಹಾಲ್ ಕೊಟ್ಟರೂ ಹರೆಯದ ಇಲಿಗಳು ಬಲಿತ ಇಲಿಗಳಿಗಿಂತ ಕಡಿಮೆ ತೂಗಾಡುತ್ತವೆ, ಕಡಿಮೆ ಮಂಕಾಗುತ್ತವೆ. ಆದರೆ ಹೊಸದನ್ನು ಕಲಿತು ನೆನಪಿಡುವ ಶಕ್ತಿಗೆ ಮಾತ್ರ ಜಾಸ್ತಿ ಪೆಟ್ಟು ಬೀಳುತ್ತದೆ. ಗೆಳೆಯರ ಗುಂಪಿನಲ್ಲಿ ನೆಟ್ಟಗೆ ನಿಂತಿರುವ ಹುಡುಗನನ್ನು ನೋಡಿ "ಇವನಿಗೆ ಕೆಪ್ಯಾಸಿಟಿ ಇದೆ ಕಣೋ" ಅಂತಾರಲ್ಲ, ಅದು ಕೆಪ್ಯಾಸಿಟಿ ಅಲ್ಲ. ನಿಲ್ಲಿಸು ಅನ್ನುವ ಸೂಚನೆ ಅವನಿಗೆ ತಡವಾಗಿ ಬರುತ್ತಿದೆ, ಅಷ್ಟೇ. ಮುಂದಾಲೋಚನೆ ಮಾಡುವ, ಮನಸ್ಸಿಗೆ ಲಗಾಮು ಹಾಕುವ ಮಿದುಳಿನ ಮುಂಭಾಗ 20 ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ.

1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, 15 ತುಂಬುವ ಮೊದಲೇ ಕುಡಿತ ಶುರು ಮಾಡಿದವರಲ್ಲಿ ಶೇ. 40ರಷ್ಟು ಜನ ಮುಂದೆ ಯಾವಾಗಲಾದರೂ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಇದು ಸುಮಾರು ಶೇ. 10. ಮನೆಯ ವಾತಾವರಣ, ರಕ್ತದಲ್ಲಿ ಬಂದ ಗುಣವೂ ಇದರಲ್ಲಿ ಸೇರಿರುತ್ತವೆ, ನಿಜ. ಆದರೂ ಅಂತರ ಸಣ್ಣದಲ್ಲ.

ಇನ್ನು ಕಾನೂನು. ಮದ್ಯ ಕೊಳ್ಳುವವರಿಗೆ ಕನಿಷ್ಠ ಎಷ್ಟು ವಯಸ್ಸಾಗಿರಬೇಕು ಅನ್ನುವುದಕ್ಕೆ ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತಿದೆ, 1967ರ ಲೈಸೆನ್ಸ್ ನಿಯಮಗಳಲ್ಲಿ 21. ಎರಡನ್ನೂ 18 ಮಾಡಲು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿತು, ಜನ ವಿರೋಧಿಸಿದ ಮೇಲೆ ಕೈಬಿಟ್ಟಿತು. ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಇದು ಅಂಗಡಿಯವರ ಮಾತಾಯಿತು. ಮನೆಯವರು ಓದಬೇಕಾದದ್ದು 2015ರ ಬಾಲನ್ಯಾಯ ಕಾಯ್ದೆ. ವೈದ್ಯರ ಸಲಹೆ ಇಲ್ಲದೆ 18 ತುಂಬದವರಿಗೆ ಮದ್ಯ ಕೊಟ್ಟವರಿಗೆ, ಕಲಂ 77ರ ಪ್ರಕಾರ, 7 ವರ್ಷದವರೆಗೆ ಕಠಿಣ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ. "ಕೊಟ್ಟವರು" ಅಂದರೆ ಬಾರಿನವರು ಮಾತ್ರ ಅಲ್ಲ, ಬಾಡೂಟದ ಮಾವನೂ ಹೌದು. ಮಕ್ಕಳ ಕೈಯಲ್ಲಿ ಮದ್ಯ ಸಾಗಿಸುವುದಕ್ಕೂ ಕಲಂ 78ರಲ್ಲಿ ಇಷ್ಟೇ ಶಿಕ್ಷೆ ಇದೆ. "ಹೋಗಿ ಒಂದು ಕ್ವಾರ್ಟರ್ ತಗೊಂಡು ಬಾ" ಅಂತ ಮಗನನ್ನು ಓಡಿಸುವ ಅಪ್ಪಂದಿರು ಇದನ್ನು ತಿಳಿದಿರಬೇಕು.

ಮಗ ಗಾಡಿಯನ್ನೂ ಹತ್ತಿದರೆ ಮತ್ತೊಂದು ಕಾಯ್ದೆ ಸೇರಿಕೊಳ್ಳುತ್ತದೆ. ಮೋಟಾರು ವಾಹನ ಕಾಯ್ದೆಯ ಕಲಂ 199ಎ ಅಡಿ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಇಂಜಿನಿಯರ್‌ಗಳು ಸತ್ತರು. ಅವನು ಮೊದಲು ಬಾರಿನಲ್ಲಿ ಕುಡಿದಿದ್ದ ಎಂಬುದು ಪೊಲೀಸರ ಆರೋಪ. ಜಾಮೀನು ಕೊಡುವಾಗ ಬಾಲನ್ಯಾಯ ಮಂಡಳಿ ಅವನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದೇ ದೊಡ್ಡ ಸುದ್ದಿಯಾಯಿತು. ಆದರೆ ಆಮೇಲೆ ಹುಡುಗನ ಅಪ್ಪ, ಬಾರಿನವರು, ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ವೈದ್ಯರು ಕೂಡ ಬಂಧನಕ್ಕೊಳಗಾದರು.

ಕೇಸಿನ ಭಯಕ್ಕೆ ಕುಡಿದು ಬಿದ್ದ ಹುಡುಗನನ್ನು ಗೆಳೆಯರು "ಮಲಗಿದ್ರೆ ಸರಿಹೋಗ್ತಾನೆ" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕುಡಿಯುವುದು ನಿಂತ ಮೇಲೂ ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಉಸಿರಾಟ ಇನ್ನೂ ಕುಗ್ಗಬಹುದು, ಅಂಗಾತ ಮಲಗಿದ್ದರೆ ವಾಂತಿ ಶ್ವಾಸನಾಳಕ್ಕೆ ಹೋಗಬಹುದು. ಕೂಗಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮೈ ತಣ್ಣಗಾಗಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಒಬ್ಬನನ್ನೇ ಬಿಟ್ಟು ಹೋಗಬೇಡಿ. ಕಲಂ 77ರ ಶಿಕ್ಷೆ ಕುಡಿದ ಮಗುವಿಗಲ್ಲ, ಕೊಟ್ಟವರಿಗೆ. ಏನು ಕುಡಿದ, ಎಷ್ಟು ಕುಡಿದ, ಎಷ್ಟು ಹೊತ್ತಾಯಿತು ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.