ಗಾಳಿಗೆ ಹಾರದ ಲಾಯದ ಚಾವಣಿ

ಒಂದೆರಡು ಕುದುರೆ ಸಾಕಿರುವವರು ನನ್ನನ್ನು ಕರೆಸಿದಾಗ ಕೇಳುವುದು ಸಾಮಾನ್ಯವಾಗಿ ಇಷ್ಟೇ: ಮಳೆ ಒಳಗೆ ಬಾರದ ಹಾಗೆ ಒಂದು ಚಿಕ್ಕ ಆಸರೆ ಬೇಕು. ಮೂರು ಕಡೆ ಗೋಡೆ, ಒಂದು ಕಡೆ ಬಯಲು, ಮೇಲೆ ಒಂದೇ ಇಳಿಜಾರಿನ ತಗಡು. ಕಾಗದದ ಮೇಲೆ ಇದಕ್ಕಿಂತ ಸುಲಭದ ಕಟ್ಟಡವಿಲ್ಲ. ಆದರೆ ದುರಸ್ತಿಗೆಂದು ಹೋದ ಕಡೆಗಳಲ್ಲಿ ನಾನು ಕಂಡಿರುವ ಪ್ರಕಾರ, ಇಂಥ ಚಾವಣಿ ಕುಸಿಯುವುದು ಅಪರೂಪ. ಅದು ಎದ್ದು ಹೋಗುತ್ತದೆ.

ಕಾರಣ ಕಟ್ಟಡದ ಆಕಾರದಲ್ಲೇ ಇದೆ. ಮೂರು ಕಡೆ ಮುಚ್ಚಿದ ಲಾಯ ಗಾಳಿಗೆ ಬಾಯಿ ತೆರೆದು ಹಿಡಿದ ಚೀಲವಿದ್ದಂತೆ. ಒಳಗೆ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಅದೇ ಹೊತ್ತಿನಲ್ಲಿ ಮೇಲಿನಿಂದ ಹಾದುಹೋಗುವ ಗಾಳಿ ತಗಡನ್ನು ಮೇಲಕ್ಕೆ ಸೆಳೆಯುತ್ತದೆ. ಗಂಟೆಗೆ 72 ಕಿಲೊಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 24 ಕಿಲೊ ತೂಕಕ್ಕೆ ಸಮ. ವೇಗ 108 ಕಿಲೊಮೀಟರಿಗೆ ಏರಿದರೆ ಅದು 55 ಕಿಲೊ ಆಗುತ್ತದೆ, ಏಕೆಂದರೆ ಒತ್ತಡ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. 12 ಅಡಿ ಚೌಕದ ಲಾಯಕ್ಕೆ ಸೂರಿನ ಚಾಚು ಸೇರಿ 14 ಅಡಿ ಚೌಕದ ಚಾವಣಿ ಬೇಕು, ಎಂದರೆ 18 ಚದರ ಮೀಟರ್. ಗುಣಿಸಿ ನೋಡಿ: ಹೆಚ್ಚುಕಡಿಮೆ ಒಂದು ಟನ್. ಕೆಳಗಿನ ಒತ್ತು ಮತ್ತು ಮೇಲಿನ ಸೆಳೆತ ಎರಡೂ ಜೋರಾಗಿ ಕೂಡಿಕೊಂಡರೆ ಇದಕ್ಕೂ ಹೆಚ್ಚು. ಅರ್ಧ ಮಿಲಿಮೀಟರ್ ದಪ್ಪದ ತಗಡುಗಳ ಒಟ್ಟು ತೂಕವಾದರೋ 90 ಕಿಲೊ ಆಸುಪಾಸು. ತಗಡು ತನ್ನ ಭಾರದಿಂದಲೇ ಕುಳಿತಿರುತ್ತದೆ ಎಂದು ನಂಬುವವರಿಗೆ ನಾನು ಈ ಲೆಕ್ಕವನ್ನು ಬರೆದು ಕೊಡುತ್ತೇನೆ.

ಗಾಳಿಯ ಎದುರು ಇಡೀ ಚಾವಣಿ ಒಂದು ಸರಪಳಿಯ ಹಾಗೆ ಕೆಲಸ ಮಾಡಬೇಕು. ತಗಡು ತನ್ನ ಅಡಿಯಲ್ಲಿ ಅಡ್ಡಲಾಗಿ ಹಾಯುವ ಮರದ ಪಟ್ಟಿಯನ್ನು, ಎಂದರೆ ಪರ್ಲಿನ್ನನ್ನು ಹಿಡಿಯಬೇಕು, ಪರ್ಲಿನ್ ತನ್ನ ಕೆಳಗೆ ಇಳಿಜಾರಿನುದ್ದಕ್ಕೆ ಇರುವ ಜಂತಿಯನ್ನು, ಜಂತಿ ತೊಲೆಯನ್ನು, ತೊಲೆ ಕಂಬವನ್ನು, ಕಂಬ ನೆಲವನ್ನು. ಬಿರುಗಾಳಿಗೆ ಹಾರಿದ್ದ ಒಂದು ಚಾವಣಿಯನ್ನು ಪಕ್ಕದ ಹುಲ್ಲುಗಾವಲಿನಲ್ಲಿ ಮಗುಚಿ ಬಿದ್ದಲ್ಲೇ ಪರೀಕ್ಷಿಸಿದ್ದೆ. ತಗಡು ಪರ್ಲಿನ್‌ಗಳಿಗೆ ಅಂಟಿಕೊಂಡೇ ಇತ್ತು, ಒಂದು ಸ್ಕ್ರೂ ಕೂಡ ಸಡಿಲವಾಗಿರಲಿಲ್ಲ. ಆದರೆ ಪ್ರತಿ ಪರ್ಲಿನ್ನಿನ ಅಡಿಯಲ್ಲಿ ಒಂದೊಂದು ಮೊಳೆ ಸ್ವಲ್ಪವೂ ಬಾಗದೆ, ಹೊಸದರಂತೆ ನೆಟ್ಟಗೆ ಇಣುಕುತ್ತಿತ್ತು. ಮೇಲಿನಿಂದ ಹೊಡೆದ ಮೊಳೆ ಮರವನ್ನು ಪಕ್ಕಕ್ಕೆ ಜಾರಲು ಬಿಡುವುದಿಲ್ಲ, ಮೇಲಕ್ಕೆ ಎಳೆದರೆ ಮಾತ್ರ ಬಂದುಬಿಡುತ್ತದೆ. ಆ ಮನೆಯವರು ತಗಡಿಗೆ ದುಬಾರಿ ಸ್ಕ್ರೂ ಕೊಂಡಿದ್ದರು. ಅದರ ಕೆಳಗಿನ ಕೊಂಡಿಯತ್ತ ಯಾರೂ ನೋಡಿರಲಿಲ್ಲ.

ಆದ್ದರಿಂದ ಪರ್ಲಿನ್ ಜಂತಿಯನ್ನು ದಾಟುವ ಪ್ರತಿ ಜಾಗದಲ್ಲೂ, ಜಂತಿ ತೊಲೆಯ ಮೇಲೆ ಕೂರುವಲ್ಲೂ ಕಬ್ಬಿಣದ ಪಟ್ಟಿ ಅಥವಾ ಕೋನಪಟ್ಟಿ ಹಾಕಿ ಪಕ್ಕದಿಂದ ಸ್ಕ್ರೂ ಬಿಗಿಯಬೇಕು. ಕಂಬ ಮತ್ತು ತೊಲೆಗೆ ಆರಪಾರ ಹೋಗುವ ಬೋಲ್ಟೇ ಸರಿ. ಕಂಬಕ್ಕೆ ಮೂರು ಅಡಿ ಆಳದ, 16 ಅಂಗುಲ ಅಗಲದ ಗುಂಡಿ ತೋಡಿ ಕಾಂಕ್ರೀಟ್ ತುಂಬಿದರೆ ಒಂದೊಂದು ಗುಂಡಿಯಲ್ಲಿ 250 ಕಿಲೊಗಿಂತ ಹೆಚ್ಚಿನ ಭಾರ ಸಿಗುತ್ತದೆ. ನಾಲ್ಕು ಕಂಬಕ್ಕೆ ಒಂದು ಟನ್. ಮಣ್ಣಿನ ಹಿಡಿತ ಮತ್ತು ಚಾವಣಿಯ ಸ್ವಂತ ತೂಕ ಅದರ ಮೇಲಿನ ಉಳಿತಾಯ. ಬಟಾಬಯಲಿನಲ್ಲಿ ಕಟ್ಟುವುದಾದರೆ ನಾನು ಆರು ಕಂಬಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಮರದ ಕಂಬವಾದರೆ ಬುಡದಲ್ಲಿ ತೂತು ಕೊರೆದು ಅಡ್ಡಲಾಗಿ ಒಂದೆರಡು ಕಬ್ಬಿಣದ ಸಲಾಕೆ ತೂರಿಸಿ. ಇಲ್ಲದಿದ್ದರೆ ಮರ ಒಣಗಿ ಕುಗ್ಗಿದಾಗ ಕಾಂಕ್ರೀಟ್ ನೆಲದಲ್ಲೇ ಉಳಿದು ಕಂಬ ಮಾತ್ರ ಮೇಲೆದ್ದು ಬರುತ್ತದೆ.

ಇನ್ನು ಎತ್ತರ. ಕುದುರೆಯ ಎತ್ತರವನ್ನು ಹೆಗಲಿನವರೆಗೆ ಅಳೆಯುವ ರೂಢಿಯಿಂದಾಗಿ ಜನ ಮೋಸಹೋಗುತ್ತಾರೆ. ಹದಿನೈದು ಹ್ಯಾಂಡ್‌ನ ಕುದುರೆ ಎಂದರೆ, ಒಂದು ಹ್ಯಾಂಡ್‌ಗೆ ನಾಲ್ಕು ಅಂಗುಲದಂತೆ, ಹೆಗಲಿಗೆ ಐದು ಅಡಿ. ತಲೆಯೆತ್ತಿ ನಿಂತರೆ ಕಿವಿ ಅದಕ್ಕಿಂತ ಬಹಳ ಮೇಲಿರುತ್ತದೆ, ಬೆದರಿ ತಲೆ ಕೊಡವಿದರೆ ಇನ್ನೂ ಮೇಲೆ. ತಗಡಿನ ಅಂಚು ಕಣ್ಣಿನ ಮಟ್ಟದಲ್ಲಿದ್ದರೆ ಮುಂದೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಹಾಗಾಗಿ ತಗ್ಗಿನ ಕಡೆಯಲ್ಲೂ ತೊಲೆಯ ಕೆಳಗೆ ಎಂಟು ಅಡಿ ಖಾಲಿ ಇರಬೇಕು. ಆರು ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟರೆ 12 ಅಡಿ ಆಳದ ಲಾಯದ ಎತ್ತರದ ಕಡೆ ಹತ್ತು ಅಡಿಯಾಗುತ್ತದೆ. ಇದಕ್ಕಿಂತ ಚಪ್ಪಟೆ ಮಾಡಿದರೆ ಗಾಳಿ ಸಹಿತ ಮಳೆಯಲ್ಲಿ ನೀರು ಜೋಡಣೆಗಳ ಸಂದಿಗೆ ಹಿಮ್ಮುಖವಾಗಿ ಏರುತ್ತದೆ. ಜಾಗವಿದ್ದು, ಎತ್ತರ ಹೆಚ್ಚಿದರೂ ಅಡ್ಡಿಯಿಲ್ಲವೆಂದರೆ ನಾಲ್ಕಕ್ಕೆ ಒಂದು ಇನ್ನೂ ಒಳ್ಳೆಯದು.

ಸ್ವತಂತ್ರವಾಗಿ ನಿಲ್ಲುವ ಲಾಯದಲ್ಲಿ ತೆರೆದ ಮುಂಭಾಗ ಎತ್ತರದಲ್ಲಿದ್ದು ನೀರು ಹಿಂದಕ್ಕೆ ಇಳಿಯುತ್ತದೆ, ಬೆನ್ನು ಗಾಳಿಯ ಕಡೆಗಿರುತ್ತದೆ. ಅಲ್ಲಿ ತೊಡಕಿಲ್ಲ. ತೊಡಕು ಬರುವುದು ಈಗಾಗಲೇ ಇರುವ ಗೋಡೆಗೆ ಚಾವಣಿಯನ್ನು ಆನಿಸಬೇಕೆಂದಾಗ. ಆಗ ಎತ್ತರ ಗೋಡೆಯ ಕಡೆ, ತಗ್ಗು ಹೊರಗಡೆ. ತಗ್ಗಿನ ಕಡೆಯಲ್ಲೇ ಬಾಗಿಲಿಟ್ಟರೆ ಕುದುರೆ ಒಳಗೆ ಬರುವ ದಾರಿಯ ಮೇಲೆಯೇ ಸೂರಿನ ನೀರು ಸುರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 50 ಮಿಲಿಮೀಟರ್ ಮಳೆ ಬಂದ ದಿನ ನಮ್ಮ ಈ ಚಿಕ್ಕ ಚಾವಣಿ 900 ಲೀಟರ್ ನೀರನ್ನು ಹೊಸ್ತಿಲಿಗೆ ತಂದು ಸುರಿಯುತ್ತದೆ. ಗೊರಸುಗಳು ಅದನ್ನು ತುಳಿದು ಮೊಣಕಾಲುದ್ದ ಕೆಸರು ಮಾಡಲು ಒಂದು ವಾರವೂ ಬೇಡ. ಸೂರಿನ ಅಂಚಿಗೆ ದೋಣಿ ಕಟ್ಟಿ ನೀರನ್ನು ಪಕ್ಕಕ್ಕೆ ಒಯ್ಯಬಹುದು. ನನಗೆ ಇಷ್ಟವಾದ ಉಪಾಯ ಬೇರೆ: ತಗ್ಗಿನ ಕಡೆ ಮುಚ್ಚಿ, ಗಾಳಿಗೆ ಮರೆಯಾದ ಪಕ್ಕವನ್ನು ತೆರೆದಿಡುವುದು. ನೀರು ಒಂದು ಕಡೆ, ಕುದುರೆ ಇನ್ನೊಂದು ಕಡೆ. ಎರಡು ಕುದುರೆಗಳಿದ್ದರೆ ಲಾಯವನ್ನೂ ಅಗಲ ಮಾಡಿ, ಬಾಯಿಯನ್ನು ಪೂರ್ತಿ ತೆರೆದಿಡಿ, ನಡುವೆ ಕಂಬ ಬೇಡ. ಜೋರಿನ ಕುದುರೆ ಇಕ್ಕಟ್ಟಾದ ಬಾಗಿಲಿನಲ್ಲಿ ನಿಂತುಕೊಂಡರೆ ಇನ್ನೊಂದು ಮಳೆಯಲ್ಲೇ ನೆನೆಯುತ್ತದೆ, ಇಲ್ಲವೇ ಮೂಲೆಯಲ್ಲಿ ಸಿಕ್ಕಿಕೊಂಡು ಒದೆ ತಿನ್ನುತ್ತದೆ.

ಗೋಡೆಗೆ ಆನಿಸುವಾಗ ಆ ಗೋಡೆಯ ಯೋಗ್ಯತೆಯನ್ನೂ ನೋಡಬೇಕು. ಮಣ್ಣಿನ ಗಾರೆಯ ಹಳೆಯ ಗೋಡೆಗೆ ಬೋಲ್ಟ್ ಹೊಡೆದು ಚಾವಣಿಯ ಸೆಳೆತವನ್ನು ಅದರ ಮೇಲೆ ಹೇರುವುದು ತರವಲ್ಲ. ಗೋಡೆಯ ಬದಿಯಲ್ಲೇ ಬೇರೆ ಕಂಬ ನಿಲ್ಲಿಸಿ. ತಗಡು ಗೋಡೆಯನ್ನು ಸೇರುವ ಸಂದಿಗೆ ಸಿಮೆಂಟ್ ಮೆತ್ತುವುದು ಎಲ್ಲರೂ ಮಾಡುವ ಕೆಲಸ, ಮೊದಲ ಬೇಸಿಗೆಯಲ್ಲೇ ಬಿರುಕು ಬಿಡುವ ಕೆಲಸವೂ ಹೌದು. ನಾಲ್ಕು ಮೀಟರ್ ಉದ್ದದ ಉಕ್ಕಿನ ತಗಡು 40 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಸುಮಾರು ಎರಡು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ; ಸಿಮೆಂಟ್ ಅದರ ಜೊತೆ ಚಲಿಸುವುದಿಲ್ಲ. ಗೋಡೆಯಲ್ಲಿ ಒಂದು ಅಂಗುಲ ಆಳದ ಗೀರು ಕೊರೆದು ಮಡಿಸಿದ ತಗಡಿನ ಪಟ್ಟಿಯ ಒಂದಂಚನ್ನು ಅದರೊಳಗೆ ಸೇರಿಸಿ, ಇನ್ನೊಂದಂಚು ಚಾವಣಿಯ ಮೇಲೆ ಸಡಿಲವಾಗಿ ಹೊದೆದುಕೊಂಡಿರಲಿ.

ತಗಡು ಹಾಸುವುದಕ್ಕೆ ಮೊದಲು ಚೌಕಟ್ಟಿನ ಎರಡೂ ಕರ್ಣಗಳನ್ನು ದಾರದಿಂದ ಅಳೆಯಿರಿ. ಸಮವಿಲ್ಲದಿದ್ದರೆ ಕೊನೆಯ ತಗಡು ಓರೆಯಾಗಿ ಬರುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದದ ತಗಡು ಸಿಕ್ಕರೆ ಅಡ್ಡ ಜೋಡಣೆಯ ತಲೆನೋವಿಲ್ಲ. ಗಾಳಿ ಬರುವ ಕಡೆಯ ತುದಿಯನ್ನು ಕೊನೆಗೆ ಉಳಿಸಿ, ಅದರ ಎದುರು ತುದಿಯಿಂದ ಹಾಸುತ್ತಾ ಬನ್ನಿ, ಒಂದೂವರೆ ಅಲೆಯಷ್ಟು ಒಂದರ ಮೇಲೊಂದು ಬರಲಿ. ಸ್ಕ್ರೂ ಉಬ್ಬಿನ ಮೇಲಿರಲಿ. ರಬ್ಬರ್ ವಾಷರ್ ಅಂಚಿನಲ್ಲಿ ತುಸುವೇ ಉಬ್ಬಿದಾಗ ನಿಲ್ಲಿಸಿ. ಹೊರಕ್ಕೆ ಚಪ್ಪಟೆಯಾಗಿ ಹರಡಿದರೆ ಅದು ಬೇಗ ಸೀಳಿ ಸೋರುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಸೆಳೆತ ಹೆಚ್ಚು, ಅಲ್ಲಿ ಸ್ಕ್ರೂ ಒತ್ತೊತ್ತಾಗಿ ಬೇಕು.

ಕುದುರೆ ಸಾಕಿದವರು ತಗಡನ್ನು ದೂರುವುದಕ್ಕೆ ಮೂರು ಕಾರಣಗಳಿವೆ: ಬಿಸಿಲಿಗೆ ಕಾಯುತ್ತದೆ, ಮಳೆಗೆ ಅಬ್ಬರಿಸುತ್ತದೆ, ರಾತ್ರಿ ಬೆವರುತ್ತದೆ. ಮೂರೂ ನಿಜ. ಅಬ್ಬರಕ್ಕೆ ಬೆದರಿದ ಕುದುರೆ ಹೊಸ ಲಾಯ ಬಿಟ್ಟು ಹೊರಗೆ ಮಳೆಯಲ್ಲಿ ನಿಂತಿರುವುದನ್ನು ನೋಡುವಾಗ ಕಟ್ಟಿಸಿದವರ ಮುಖ ನೋಡಲಾಗುವುದಿಲ್ಲ. ತಗಡಿನ ಕೆಳಗೆ ಪ್ಲೈವುಡ್ ಅಥವಾ ಮರದ ಹಲಗೆಯ ಒಂದು ಪದರ ಕೊಟ್ಟರೆ ಮೂರೂ ಕಡಿಮೆಯಾಗುತ್ತವೆ, ತಿಳಿಬಣ್ಣದ ತಗಡು ಬಿಸಿಲಿಗೆ ಇನ್ನಷ್ಟು ನೆರವಾಗುತ್ತದೆ. ಗೋಡೆಯ ಮೇಲ್ತುದಿಗೂ ತಗಡಿಗೂ ನಡುವೆ ನಾಲ್ಕಾರು ಅಂಗುಲ ಸಂದಿ ಬಿಡುವುದನ್ನು ಮಾತ್ರ ಮರೆಯಬೇಡಿ. ಗೋಡೆಗೆ ಆನಿಸಿದ ಚಾವಣಿಯಾದರೆ ಆ ಸಂದಿಯನ್ನು ಪಕ್ಕದ ಗೋಡೆಯ ಮೇಲ್ತುದಿಯಲ್ಲಿ ಬಿಡಿ. ಗಂಜಲದಿಂದ ಹುಟ್ಟುವ ಅಮೋನಿಯಾ ಗಾಳಿಗಿಂತ ಹಗುರ, ಅದು ಮೇಲೇರಿ ತಗಡಿನ ಅಡಿಯಲ್ಲಿ ನಿಲ್ಲುತ್ತದೆ. ಕುದುರೆಯ ಶ್ವಾಸಕೋಶಕ್ಕೆ ಅದು ಕೆಟ್ಟದ್ದು, ತಗಡಿನ ಸತುವಿನ ಲೇಪಕ್ಕೂ ಕೆಟ್ಟದ್ದು. ಅದೇ ಸಂದಿ ಒಳನುಗ್ಗಿದ ಗಾಳಿಗೂ ಹೊರದಾರಿಯಾಗುತ್ತದೆ.

ಕೆಲಸ ಮುಗಿದ ಮೇಲೆ ಚಾವಣಿಯ ಮೇಲಿನ ಕಬ್ಬಿಣದ ಚೂರುಗಳನ್ನು ಗುಡಿಸಿ ತೆಗೆಯಿರಿ, ಅವು ತುಕ್ಕು ಹಿಡಿದು ತಗಡನ್ನೂ ಕೆಡಿಸುತ್ತವೆ. ಕೆಳಗೆ, ಲಾಯದ ಒಳಗೂ ಸುತ್ತಲೂ ಹತ್ತು ಹೆಜ್ಜೆಯವರೆಗೆ ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ಎಳೆದಾಡಿ. ಬಡಗಿ ಎಷ್ಟೇ ಜಾಗರೂಕನಾಗಿದ್ದರೂ ಹುಲ್ಲಿನಲ್ಲಿ ಮೊಳೆಗಳು ಸಿಕ್ಕೇ ಸಿಗುತ್ತವೆ, ಗೊರಸಿನ ಅಡಿಗೆ ಹೊಕ್ಕ ಒಂದು ಮೊಳೆ ಕುದುರೆಯ ಪ್ರಾಣಕ್ಕೇ ಎರವಾಗಬಹುದು. ಹಸಿಮರ ಬಳಸಿದ್ದರೆ ಆರು ತಿಂಗಳ ನಂತರ ಏಣಿ ಹಾಕಿ ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಬೇಕು. ಮಳೆಗಾಲಕ್ಕೆ ಮುಂಚೆಯೇ ಆ ದಿನ ಗೊತ್ತುಮಾಡಿಕೊಳ್ಳಿ.