ಹೈಡ್ರೋಯುರೆಟೆರೋನೆಫ್ರೋಸಿಸ್: ಒಂದು ಉದ್ದ ಪದ ಬಿಡಿಸಿದಾಗ

ನಮ್ಮ ದೊಡ್ಡಪ್ಪ ಪಿಯುಸಿ ಮಕ್ಕಳಿಗೆ ಗಣಿತ ಹೇಳಿ ನಿವೃತ್ತರಾದವರು. ಒಂದು ರಾತ್ರಿ ಅವರಿಗೆ ಸೊಂಟದ ಬಲಗಡೆ ಹಿಂಡಿದ ಹಾಗೆ ನೋವು ಬಂತು. ಬೆಳಿಗ್ಗೆ ಸ್ಕ್ಯಾನಿಂಗ್ ಆಯಿತು. ರಿಪೋರ್ಟಿನ ಕೊನೆಯಲ್ಲಿ ಹೀಗಿತ್ತು: ಬಲಗಡೆ ವಿಯುಜೆಯಲ್ಲಿ 6 ಎಂಎಂ ಕ್ಯಾಲ್ಕುಲಸ್, ಮೈಲ್ಡ್ ಹೈಡ್ರೋಯುರೆಟೆರೋನೆಫ್ರೋಸಿಸ್.

ಕ್ಯಾಲ್ಕುಲಸ್ ಓದಿ ದೊಡ್ಡಪ್ಪ ನೋವಿನಲ್ಲೂ ನಕ್ಕರು. ದೊಡ್ಡಮ್ಮ ಮಾತ್ರ ಕೊನೆಯ ಪದಕ್ಕೆ ಹೆದರಿದರು. ‘ಹೆಸರೇ ಇಷ್ಟುದ್ದ ಇದೆ, ಕಾಯಿಲೆ ಇನ್ನೆಷ್ಟು ದೊಡ್ಡದೋ’ ಅಂತ ಕಣ್ಣೊರೆಸಿಕೊಂಡರು.

ಪದ ಉದ್ದ ಇದೆ ನಿಜ. ಆದರೆ ಅದು ನಾಲ್ಕು ತುಂಡುಗಳನ್ನು ಪೋಣಿಸಿದ ಸರ, ಅಷ್ಟೇ. ಹೈಡ್ರೋ ಅಂದರೆ ನೀರು. ಯುರೆಟೆರೋ ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ, ಅಂದರೆ ಯುರೆಟರ್. ನೆಫ್ರೋ ಅಂದರೆ ಕಿಡ್ನಿ. ಕೊನೆಯ ಓಸಿಸ್ ‘ಹೀಗಾಗಿದೆ’ ಅನ್ನುವ ಸ್ಥಿತಿಯನ್ನು ಹೇಳುತ್ತದೆ. ಎಲ್ಲ ಸೇರಿಸಿದರೆ: ನಾಳದಲ್ಲೂ ಕಿಡ್ನಿಯಲ್ಲೂ ನೀರು ನಿಂತು ಉಬ್ಬಿದೆ. ಆ ನೀರು ಬೇರೇನೂ ಅಲ್ಲ, ಮುಂದೆ ಹೋಗಲಾಗದೆ ನಿಂತ ಮೂತ್ರ. ಮೋರಿಗೆ ಕಸ ಸಿಕ್ಕಿಕೊಂಡರೆ ಬಚ್ಚಲಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ಅಂದರೆ ಈ ಪದ ಕಾಯಿಲೆಯ ಹೆಸರೇ ಅಲ್ಲ. ಕೆಳಗೆಲ್ಲೋ ಕಟ್ಟಿಕೊಂಡಿದೆ ಅನ್ನುವ ಸುಳಿವು.

ಹಾಗಂತ ಸುಮ್ನೆ ಬಿಡುವ ಹಾಗಿಲ್ಲ. ನೀರು ಕಟ್ಟಿದ ಕಿಡ್ನಿಯ ಜೊತೆಗೆ ಚಳಿಜ್ವರವೂ ಬಂದರೆ ಸೋಂಕು ಆಗಿರಬಹುದು. ಆಗ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು.

ಕಟ್ಟಿಕೊಂಡಿದ್ದು ಎಲ್ಲಿ? ಅದನ್ನು ಹೇಳುವುದು ವಿಯುಜೆ. ಬಿಡಿಸಿದರೆ ವೆಸಿಕೋ ಯುರೆಟೆರಿಕ್ ಜಂಕ್ಷನ್. ವೆಸಿಕಾ ಲ್ಯಾಟಿನ್ ಪದ, ಮೂತ್ರಕೋಶ ಅಂತ ಅರ್ಥ. ಯುರೆಟರ್ ಹೋಗಿ ಮೂತ್ರಕೋಶಕ್ಕೆ ಸೇರುವ ಜಾಗ ಇದು. ಸುಮಾರು 25 ಸೆಂಟಿಮೀಟರ್ ಉದ್ದದ ನಾಳ ಅತಿ ಕಿರಿದಾಗುವುದು ಇಲ್ಲೇ. ಅದಕ್ಕೇ ಕಿಡ್ನಿಯಿಂದ ಅಷ್ಟು ದೂರ ಇಳಿದು ಬಂದ ಕಲ್ಲು, ಅಂದರೆ ರಿಪೋರ್ಟಿನ ಕ್ಯಾಲ್ಕುಲಸ್, ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಯುರೆಟರ್ ಸುಮ್ಮನೆ ನೇತಾಡುವ ಪೈಪ್ ಅಲ್ಲ. ಅದು ತಾನೇ ಹಿಂಡಿ ಹಿಂಡಿ ಮೂತ್ರವನ್ನು ಕೆಳಗೆ ದೂಡುತ್ತದೆ. ಎದುರಿಗೆ ಕಲ್ಲಿದ್ದರೆ ಇನ್ನೂ ಜೋರಾಗಿ ಹಿಂಡುತ್ತದೆ, ಹಿಂದೆ ಒತ್ತಡ ಏರುತ್ತದೆ. ದೊಡ್ಡಪ್ಪನ ನೋವು ಅಲೆ ಅಲೆಯಾಗಿ ಬರುತ್ತಿದ್ದದ್ದು ಅದಕ್ಕೇ.

ಯುರೆಟರ್ ಅಂದಾಗ ಅದರ ಹಾಗೇ ಕೇಳಿಸುವ ಇನ್ನೊಂದು ಪದದ ಬಗ್ಗೆಯೂ ಎಚ್ಚರ ಇರಲಿ. ಯುರೆಥ್ರಾ ಬೇರೆ. ಅದು ಮೂತ್ರಕೋಶದಿಂದ ಹೊರಗೆ ಬರುವ ದಾರಿ. ಯುರೆಟರ್ ಎರಡು, ಯುರೆಥ್ರಾ ಒಂದೇ. ಗಂಡಸರಲ್ಲಿ ಈ ದಾರಿ ಸುಮಾರು 20 ಸೆಂಟಿಮೀಟರ್, ಹೆಂಗಸರಲ್ಲಿ 4 ಮಾತ್ರ. ದಾರಿ ಗಿಡ್ಡ ಇರುವುದರಿಂದ ಬ್ಯಾಕ್ಟೀರಿಯಾ ಬೇಗ ಒಳಗೆ ಸೇರುತ್ತವೆ. ಹೆಂಗಸರಿಗೆ ಉರಿಮೂತ್ರ ಜಾಸ್ತಿ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಕನ್ನಡದಲ್ಲಿ ಎರಡಕ್ಕೂ ‘ಮೂತ್ರನಾಳ’ ಅಂತಲೇ ಬರೆದುಬಿಡುವವರಿದ್ದಾರೆ. ಓದುವವರು ಏನು ತಿಳಿದುಕೊಳ್ಳಬೇಕು?

ಇನ್ನು ನೆಫ್ರೋ. ಗ್ರೀಕ್‌ನಲ್ಲಿ ಕಿಡ್ನಿಗೆ ನೆಫ್ರೋಸ್, ಲ್ಯಾಟಿನ್‌ನಲ್ಲಿ ರೆನ್. ವೈದ್ಯರು ಎರಡನ್ನೂ ಉಳಿಸಿಕೊಂಡಿದ್ದಾರೆ. ಅದಕ್ಕೇ ಡಾಕ್ಟರು ನೆಫ್ರಾಲಜಿಸ್ಟ್, ಅವರು ಬರೆಸುವ ಪರೀಕ್ಷೆ ರೀನಲ್ ಫಂಕ್ಷನ್ ಟೆಸ್ಟ್. ಇದಕ್ಕಿಂತ ಮಜಾ ಇನ್ನೊಂದಿದೆ. ಕಿಡ್ನಿಯ ತಲೆ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ ಅಡ್ರಿನಲ್. ಅಡ್ ಅಂದರೆ ಪಕ್ಕ, ರೆನ್ ಅಂದರೆ ಕಿಡ್ನಿ. ಅಲ್ಲಿಂದ ಬರುವ ಹಾರ್ಮೋನು ಅಡ್ರಿನಲಿನ್. ಅಮೆರಿಕದವರು ಅದನ್ನೇ ಎಪಿನೆಫ್ರಿನ್ ಅನ್ನುತ್ತಾರೆ. ಎಪಿ ಅಂದರೆ ಮೇಲೆ, ನೆಫ್ರೋಸ್ ಅಂದರೆ ಕಿಡ್ನಿ. ಹಾರ್ಮೋನು ಒಂದೇ, ಒಬ್ಬರು ಲ್ಯಾಟಿನ್‌ನಲ್ಲಿ ಕರೆದರು, ಇನ್ನೊಬ್ಬರು ಗ್ರೀಕ್‌ನಲ್ಲಿ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಒಂದೇ ಹೆಸರಿನಲ್ಲಿ ಎರಡು ಪದ ಯಾಕೆ ಅಂತ ಅನ್ನಿಸಬಹುದು. ಕಿಡ್ನಿ ರಕ್ತ ಸೋಸುವ ಕೆಲಸ ಕೆಟ್ಟರೆ ನೆಫ್ರಾಲಜಿಸ್ಟ್ ನೋಡುತ್ತಾರೆ. ಔಷಧಿ, ಡಯಾಲಿಸಿಸ್ ಎಲ್ಲ ಅವರದು. ದಾರಿ ಕಟ್ಟಿದರೆ, ಕಲ್ಲಾದರೆ, ಗಂಡಸರ ಪ್ರಾಸ್ಟೇಟ್ ಗ್ರಂಥಿ ಊದಿದರೆ ಯುರಾಲಜಿಸ್ಟ್. ಅವರು ಆಪರೇಷನ್ ಮಾಡುವವರು. ನಾವು ಇದು ಗೊತ್ತಿಲ್ಲದೆ ಮೊದಲು ನೆಫ್ರಾಲಜಿಸ್ಟ್ ಬಾಗಿಲಲ್ಲಿ ಎರಡು ತಾಸು ಕೂತಿದ್ದೆವು.

ಕನ್ನಡದ ಹೆಸರುಗಳ ಬಗ್ಗೆ ನನಗೊಂದು ತಕರಾರಿದೆ. ಪಠ್ಯಪುಸ್ತಕದಲ್ಲಿ ‘ಮೂತ್ರಜನಕಾಂಗ’ ಅಂತ ಓದಿದ್ದೆವು, ಪತ್ರಿಕೆಗಳಲ್ಲಿ ‘ಮೂತ್ರಪಿಂಡ’ ಅಂತ ಬರುತ್ತದೆ. ಎರಡರಲ್ಲೂ ಮೂತ್ರವೇ ಮುಂದೆ. ಆದರೆ ಎರಡೂ ಕಿಡ್ನಿ ಸೇರಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸಿ, ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೇ ವಾಪಸ್ ಕೊಡುತ್ತವೆ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್ ಮಾತ್ರ. ರಕ್ತದ ಒತ್ತಡ ನೋಡಿಕೊಳ್ಳುವುದರಲ್ಲೂ, ಕೆಂಪು ರಕ್ತಕಣ ಹುಟ್ಟಿಸುವುದರಲ್ಲೂ ಕಿಡ್ನಿಯ ಕೈಯಿದೆ. ನನ್ನ ಕೇಳಿದರೆ ‘ಕಿಡ್ನಿ’ ಅನ್ನುವುದೇ ವಾಸಿ. ಹಳ್ಳಿಯ ಅಜ್ಜಿಗೂ ಗೊತ್ತಾಗುತ್ತದೆ.

ರಿಪೋರ್ಟಿನಲ್ಲಿ ಉಳಿದಿದ್ದು ಕ್ಯಾಲ್ಕುಲಸ್. ಲ್ಯಾಟಿನ್‌ನಲ್ಲಿ ಅದು ಪುಟ್ಟ ಕಲ್ಲು, ಹರಳು. ರೋಮನ್ನರು ಹರಳು ಇಟ್ಟು ಲೆಕ್ಕ ಮಾಡುತ್ತಿದ್ದರು. ಕ್ಯಾಲ್ಕುಲೇಟರ್ ಹುಟ್ಟಿದ್ದೂ ಅಲ್ಲಿಂದ, ದೊಡ್ಡಪ್ಪ ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಕ್ಯಾಲ್ಕುಲಸ್ ಹುಟ್ಟಿದ್ದೂ ಅಲ್ಲಿಂದ. ಇದನ್ನು ಹೇಳಿದಾಗ ಅವರಿಗೆ ನೋವಿನ ಇಂಜೆಕ್ಷನ್‌ಗಿಂತ ಜಾಸ್ತಿ ಸಮಾಧಾನ ಆದ ಹಾಗಿತ್ತು.

ಯುರಾಲಜಿಸ್ಟ್ ಮಾತ್ರೆ ಕೊಟ್ಟು, ಮೂತ್ರವನ್ನು ಸೋಸಿ ನೋಡಿ, ಕಲ್ಲು ಸಿಕ್ಕಿದರೆ ತನ್ನಿ ಅಂದಿದ್ದರು. ಹನ್ನೊಂದನೇ ದಿನ ಸಿಕ್ಕಿತು. ತೊಗರಿಬೇಳೆಯಷ್ಟು ದೊಡ್ಡದು, ಮೈಯೆಲ್ಲ ಮುಳ್ಳು ಮುಳ್ಳು. ಲ್ಯಾಬಿನವರು ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬರೆದುಕೊಟ್ಟರು. ದೊಡ್ಡಮ್ಮ ಆ ಚೀಟಿ ಹಿಡಿದು, ‘ಇದನ್ನೂ ಬಿಡಿಸಿ ಹೇಳು’ ಅಂದರು.