ಹಡಗು ಹತ್ತದ ಸುಣ್ಣದ ಗಡಿಗೆ

ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಲು ಕೈಹಾಕಿದವರಿಗೆ ಅದರ ಮೊಂಡುತನ ಗೊತ್ತು. ತಣ್ಣೀರಿನಲ್ಲಿ ಕಲಸಿದರೆ ಅಂಚು ಬಿರಿಯುತ್ತದೆ, ಎತ್ತುವಾಗ ತುಂಡಾಗುತ್ತದೆ. ನಮ್ಮ ಬಿಳಿಜೋಳವೂ ಇದೇ ಜಾತಕದ್ದು. ಅದಕ್ಕೆ ಉತ್ತರ ಕರ್ನಾಟಕದವರು ಎಸರಿನ ಉಪಾಯ ಕಂಡುಕೊಂಡರು: ಕುದಿಯುವ ನೀರು ಸುರಿದು ನಾದಿದರೆ ಹಿಟ್ಟು ಹೇಳಿದ ಮಾತು ಕೇಳುತ್ತದೆ. ಮೆಕ್ಸಿಕೋ ಮತ್ತು ಗ್ವಾಟೆಮಾಲಾದ ಹೆಂಗಸರು ಹಿಡಿದ ದಾರಿ ಬೇರೆ. ಅವರು ಕಾಳನ್ನು ಅರೆಯುವ ಮೊದಲೇ ಸುಣ್ಣದ ನೀರಿನಲ್ಲಿ ಬೇಯಿಸಿದರು. ನಾವು ವೀಳ್ಯದೆಲೆಗೆ ಸವರುವ ಅದೇ ಸುಣ್ಣ.

ಗ್ವಾಟೆಮಾಲಾದ ದಕ್ಷಿಣ ಕರಾವಳಿಯಲ್ಲಿ ಸಿಕ್ಕ ಅಡುಗೆ ಪರಿಕರಗಳನ್ನು ನೋಡಿದರೆ ಈ ಪದ್ಧತಿ ಕ್ರಿ.ಪೂ. 1500ರಿಂದ 1200ರ ನಡುವೆಯೇ ಇದ್ದಂತಿದೆ. ಕೊಲಂಬಸ್ ಬರುವುದಕ್ಕೆ ಆಗ ಎರಡೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಕಿಯಿತ್ತು.

ಬೆಳೆಯ ಕಥೆ ಅದಕ್ಕೂ ಹಳೆಯದು. ಹಳೇ ಮೈಸೂರಿನ ಕಡೆ ಇದನ್ನು ಮುಸುಕಿನ ಜೋಳ ಎನ್ನುತ್ತಾರೆ. ಆ ಹೆಸರಿನಲ್ಲೇ ಒಂದು ಸಸ್ಯಶಾಸ್ತ್ರವಿದೆ. ಮುಸುಕು ಹೊದ್ದ ತೆನೆ ತನ್ನ ಕಾಳನ್ನು ತಾನೇ ಉದುರಿಸಲಾರದು. ಮನುಷ್ಯನ ಕೈ ಸುಲಿದು ಬಿತ್ತದಿದ್ದರೆ ಈ ಗಿಡದ ವಂಶ ನಿಂತುಹೋಗುತ್ತದೆ. ಅಂಥ ಗಿಡ ಕಾಡಿನಲ್ಲಿ ತಾನಾಗಿ ಹುಟ್ಟಿರಲು ಸಾಧ್ಯವಿಲ್ಲ. ಇದರ ಪೂರ್ವಜ ಟಿಯೊಸಿಂಟೆ ಎಂಬ ಹುಲ್ಲು. ಅದರ ತೆನೆ ಬೆರಳುದ್ದ, ಅದರಲ್ಲಿ 5ರಿಂದ 12 ಕಾಳು, ಒಂದೊಂದಕ್ಕೂ ಕಲ್ಲಿನಂಥ ಚಿಪ್ಪು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನೆಂಟಸ್ತಿಕೆ ನಂಬಲಾಗುವುದಿಲ್ಲ. ಬಹಳ ವಿಜ್ಞಾನಿಗಳು ನಂಬಲೂ ಇಲ್ಲ.

ನಂಬಿದವರು ಜಾರ್ಜ್ ಬೀಡಲ್. ಜೀನುಗಳ ಕುರಿತ ಸಂಶೋಧನೆಗೆ 1958ರಲ್ಲಿ ನೊಬೆಲ್ ಪಡೆದ ಈ ಮನುಷ್ಯ ನಿವೃತ್ತಿಯ ನಂತರ ಹೊಲಕ್ಕಿಳಿದರು. ಮೆಕ್ಕೆಜೋಳವನ್ನೂ ಟಿಯೊಸಿಂಟೆಯನ್ನೂ ಕೂಡಿಸಿ, ಮೊಮ್ಮಕ್ಕಳ ತಲೆಮಾರಿನ ಸುಮಾರು 50,000 ಗಿಡ ಬೆಳೆಸಿ ಎಣಿಸಿದರು. ಅಜ್ಜನನ್ನು ಅಥವಾ ಅಜ್ಜಿಯನ್ನು ಹಾಗೆಯೇ ಹೋಲುವ ಗಿಡ ಸುಮಾರು 500ಕ್ಕೆ ಒಂದರಂತೆ ಸಿಕ್ಕಿತು. ವ್ಯತ್ಯಾಸ ನಾಲ್ಕು ಜೀನುಗಳಲ್ಲಿದ್ದರೆ ಅದು 256ಕ್ಕೆ ಒಂದು ಸಿಗಬೇಕು, ಐದಾದರೆ 1024ಕ್ಕೆ ಒಂದು. ಅಂದರೆ ಹುಲ್ಲು ತೆನೆಯಾಗಲು ನಾಲ್ಕೈದು ದೊಡ್ಡ ಬದಲಾವಣೆ ಸಾಕಾಗಿದ್ದವು! ಅವನ್ನು ಆರಿಸಿ ಉಳಿಸಿದವರು ಸುಮಾರು 9,000 ವರ್ಷಗಳ ಹಿಂದೆ ನೈರುತ್ಯ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿದ್ದ ಜನ. ಅಲ್ಲಿನ ಒಂದು ಬಂಡೆಯಾಸರೆಯಲ್ಲಿ ಸಿಕ್ಕ 8,700 ವರ್ಷ ಹಳೆಯ ಅರೆಯುವ ಕಲ್ಲುಗಳಿಗೆ ಮೆಕ್ಕೆಜೋಳದ ಪಿಷ್ಟದ ಕಣಗಳು ಇನ್ನೂ ಅಂಟಿಕೊಂಡಿದ್ದವು.

ಅಡುಗೆಮನೆಗೆ ಮರಳೋಣ. ಒಣಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಗ್ಗೆ ಉಜ್ಜಿ ತೊಳೆದರೆ ಸಿಪ್ಪೆ ಜಾರಿ ಹೋಗುತ್ತದೆ. ಉಳಿದ ಕಾಳಿನ ಹೆಸರು ನಿಶ್ತಮಾಲ್. ಸ್ಪೇನಿನವರು ಬರುವ ಮೊದಲು ಮಧ್ಯ ಮೆಕ್ಸಿಕೋ ಆಳುತ್ತಿದ್ದ ಅಜ್ಟೆಕರ ನಾವಾಟ್ಲ್ ಭಾಷೆಯಲ್ಲಿ ‘ಬೂದಿ’ ಮತ್ತು ‘ಹಿಟ್ಟಿನ ಮುದ್ದೆ’ ಎಂಬೆರಡು ಪದ ಕೂಡಿ ಆದದ್ದು. ಮೆಟಾಟೆ ಎಂಬ ಇಳಿಜಾರು ಕಲ್ಲಿನ ಮುಂದೆ ಮಂಡಿಯೂರಿ ಅರೆದು, ಅಂಗೈಯಲ್ಲಿ ತಟ್ಟಿ, ಮಣ್ಣಿನ ಹೆಂಚಿನ ಮೇಲೆ ಬೇಯಿಸಿದರೆ ಅದೇ ಟೊರ್ಟಿಲ್ಲಾ. ಸ್ಪೇನಿನವರ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಸ್ಥಳೀಯ ಚಿತ್ರಕಾರರು ಅಜ್ಟೆಕ್ ಮನೆಯ ಮಕ್ಕಳನ್ನು ವಯಸ್ಸಿನ ಪ್ರಕಾರ ಚಿತ್ರಿಸಿದ್ದಾರೆ. ಪ್ರತಿ ಮಗುವಿನ ಪಕ್ಕದಲ್ಲಿ ಅದರ ಪಾಲಿನ ರೊಟ್ಟಿ: ಮೂರು ವರ್ಷದ ಮಗುವಿಗೆ ಅರ್ಧ, ನಾಲ್ಕರದ್ದಕ್ಕೆ ಒಂದು. ಹದಿಮೂರರ ಹುಡುಗಿ ಎರಡಕ್ಕೆ ಅರ್ಹಳು, ಆದರೆ ಅಷ್ಟರಲ್ಲಿ ಅವಳೇ ಅರೆಯುವ ಕಲ್ಲಿನ ಮುಂದೆ ಕುಳಿತಾಗಿದೆ.

ಸುಣ್ಣ ಮಾಡುವ ಕೆಲಸ ಸಿಪ್ಪೆ ಸುಲಿಯುವುದಷ್ಟೇ ಅಲ್ಲ. ಸಿಪ್ಪೆಯ ನಾರನ್ನು ಅದು ಒಡೆಯುವುದರಿಂದ ಹಿಟ್ಟಿಗೆ ಜಿಗುಟು ಬರುತ್ತದೆ. ಹೈನು ಎಂಬುದೇ ಇಲ್ಲದ ಆ ನಾಡಿನಲ್ಲಿ ಕ್ಯಾಲ್ಸಿಯಂ ಕೊಟ್ಟದ್ದೂ ಈ ಸುಣ್ಣವೇ. ಎಲ್ಲಕ್ಕಿಂತ ದೊಡ್ಡ ಉಪಕಾರ ಕಣ್ಣಿಗೆ ಕಾಣುವಂಥದ್ದಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ3 ಜೀವಸತ್ವ ಇದೆ, ಆದರೆ ಬಹುಪಾಲು ನಾರಿನೊಂದಿಗೆ ಬೆಸೆದುಕೊಂಡಿದೆ. ನಮ್ಮ ಕರುಳು ಆ ಬೆಸುಗೆಯನ್ನು ಬಿಡಿಸಲಾರದು. ಸುಣ್ಣದಲ್ಲಿರುವ, ಬೂದಿಯಲ್ಲೂ ಇರುವ ಕ್ಷಾರ ಬಿಡಿಸುತ್ತದೆ. ದೇಹ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೂ ನಯಾಸಿನ್ ತಯಾರಿಸಿಕೊಳ್ಳಬಲ್ಲದು, ಅದು ಮೆಕ್ಕೆಜೋಳದಲ್ಲಿ ಕಡಿಮೆ. ಆ ಕೊರತೆಯನ್ನು ಅದೇ ಹೊಲದಲ್ಲಿ ಜೋಳದ ದಂಟಿಗೆ ಹಬ್ಬಿದ ಹುರುಳಿಕಾಯಿ ಬಳ್ಳಿಯ ಕಾಳು ತುಂಬುತ್ತಿತ್ತು.

ಬಿ3 ಅವರಿಗೆ ತಿಳಿದಿತ್ತೇ? ಇಲ್ಲ. ರೊಟ್ಟಿ ಬಿರಿಯದಿರಲಿ, ಸಿಪ್ಪೆ ಬೇಗ ಬಿಡಲಿ ಎಂದು ಶುರುವಾದ ಪದ್ಧತಿಯೇ ಇರಬೇಕು. ‘ಪೂರ್ವಿಕರಿಗೆ ಎಲ್ಲ ಗೊತ್ತಿತ್ತು’ ಎಂಬ ವರಾತ ನನಗೆ ರುಚಿಸುವುದಿಲ್ಲ. ಆದರೆ ಮೆಕ್ಕೆಜೋಳವನ್ನೇ ನೆಚ್ಚಿದ ಮೂಲನಿವಾಸಿಗಳು ಉತ್ತರಕ್ಕೆ, ಈಗಿನ ಅಮೆರಿಕದಲ್ಲೂ ಇದಕ್ಕೇ ಬಂದು ಮುಟ್ಟಿದ್ದನ್ನು ಗಮನಿಸಬೇಕು. ಅರಿಜೋನಾದ ಹೋಪಿಗಳು ಮರುಭೂಮಿಯ ಪೊದೆಗಳನ್ನು ಸುಟ್ಟ ಬೂದಿ ಬೆರೆಸಿದರು. ಇರೊಕ್ವಾಯ್ ಮತ್ತು ಚೆರೋಕಿ ಜನ ಕಟ್ಟಿಗೆಯ ಬೂದಿನೀರಿನಲ್ಲಿ ಬೇಯಿಸಿದರು.

ಬೀಜ ಹಡಗು ಹತ್ತಿತು. ಗಡಿಗೆ ಹತ್ತಲಿಲ್ಲ. ಸಿಪ್ಪೆ ತೆಗೆಯಲು ಯುರೋಪಿನಲ್ಲಿ ಬೀಸುವ ಗಿರಣಿಗಳಿದ್ದವು, ಸುಣ್ಣದ ಗೊಡವೆ ಯಾಕೆ? 1735ರಲ್ಲಿ ಸ್ಪೇನಿನ ಆಸ್ಟೂರಿಯಾಸ್ ಪ್ರಾಂತ್ಯದ ವೈದ್ಯ ಗಾಸ್ಪಾರ್ ಕಸಾಲ್ ಬಡ ರೈತರಲ್ಲಿ ಹೊಸ ರೋಗವೊಂದನ್ನು ಕಂಡರು: ಬಿಸಿಲು ಬಿದ್ದಲ್ಲಿ ಚರ್ಮ ಕೆಂಪಾಗಿ ಬಿರಿಯುತ್ತಿತ್ತು, ಭೇದಿ ಹಿಡಿಯುತ್ತಿತ್ತು, ಕೊನೆಗೆ ಬುದ್ಧಿಭ್ರಮಣೆ, ಸಾವು. ಮೆಕ್ಕೆಜೋಳದ ಗಂಜಿಯನ್ನೇ ಉಣ್ಣುತ್ತಿದ್ದ ಉತ್ತರ ಇಟಲಿಯಲ್ಲಿ ಅದಕ್ಕೆ ಪೆಲ್ಲಾಗ್ರಾ, ಅಂದರೆ ಒರಟು ಚರ್ಮ ಎಂದು ಹೆಸರಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಸರದಿ. ಸುಮಾರು 30 ಲಕ್ಷ ಜನರಿಗೆ ರೋಗ ತಗುಲಿ, ಸುಮಾರು 1 ಲಕ್ಷ ಜನ ಸತ್ತರು. ಇದು ಅಂಟುರೋಗ ಎಂದೇ ಹೆಚ್ಚಿನವರ ನಂಬಿಕೆ. 1914ರಲ್ಲಿ ಸರ್ಕಾರ ಕಳುಹಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಹುಚ್ಚಾಸ್ಪತ್ರೆ, ಅನಾಥಾಲಯಗಳಲ್ಲಿ ಸುತ್ತಾಡಿ ಒಂದು ಸಂಗತಿ ಗುರುತಿಸಿದರು: ಒಳಗಿದ್ದವರಿಗೆ ರೋಗ ಬರುತ್ತಿತ್ತು, ಅವರನ್ನು ಮುಟ್ಟಿ ಉಪಚರಿಸುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ವ್ಯತ್ಯಾಸ ತಟ್ಟೆಯಲ್ಲಿತ್ತು. ಹೇಳಿದರೆ ಯಾರೂ ಒಪ್ಪದಿದ್ದಾಗ, 1916ರಲ್ಲಿ ಅವರೂ ಸಂಗಡಿಗರೂ ರೋಗಿಗಳ ರಕ್ತ ಚುಚ್ಚಿಸಿಕೊಂಡರು, ಚರ್ಮದ ಹಕ್ಕಳೆಯನ್ನು ನುಂಗಿದರು. ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲ್ಲಾಗ್ರಾ ಬರಲಿಲ್ಲ. ಕೊರತೆಯ ವಸ್ತು ನಯಾಸಿನ್ ಎಂದು ಕಾನ್ರಾಡ್ ಎಲ್ವಿಯೆಮ್ ತೋರಿಸಿದ್ದು 1937ರಲ್ಲಿ. ಗೋಲ್ಡ್‌ಬರ್ಗರ್ ತೀರಿಕೊಂಡು ಆಗ ಎಂಟು ವರ್ಷ.

ರೋಗ ಹಬ್ಬಿದ ಆ ದಕ್ಷಿಣ ರಾಜ್ಯಗಳ ಒಂದು ಭಾಗ ಒಂದು ಕಾಲಕ್ಕೆ ಚೆರೋಕಿಗಳ ನೆಲ. 1830ರ ದಶಕದಲ್ಲಿ ಅವರಲ್ಲಿ ಹೆಚ್ಚಿನವರನ್ನು ಅಲ್ಲಿಂದ ಪಶ್ಚಿಮಕ್ಕೆ ಅಟ್ಟಲಾಗಿತ್ತು. ಬಿಳಿಯ ವಲಸಿಗರು ಅವರಿಂದ ಹೊಲ ಪಡೆದರು, ಬೆಳೆ ಪಡೆದರು, ಬೂದಿನೀರಿನಲ್ಲಿ ಬೇಯಿಸಿದ ಕಾಳಿನ ಹೋಮಿನಿ ಎಂಬ ಅಡುಗೆಯನ್ನೂ ಅಷ್ಟಿಷ್ಟು ಕಲಿತಿದ್ದರು. ದಿನನಿತ್ಯದ ರೊಟ್ಟಿಗೆ ಮಾತ್ರ ಗಿರಣಿಯ ಹಿಟ್ಟನ್ನೇ ತಂದರು.